ಆರಿದೆ ಮಿಸ್

ಆ ಹೆಣ್ಣುಮಕ್ಕಳ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದವರಿಗೆ ಮಕ್ಕಳು ಇಟ್ಟಿದ್ದ ಹೆಸರು ಈರುಳ್ಳಿ ಮಿಸ್. ಹೆಸರು ಎಷ್ಟು ಹಳೆಯದೆಂದರೆ ಅಕ್ಕಂದಿರಿಂದ ತಂಗಿಯರಿಗೆ ದಾಟಿ, ಒಂದೆರಡು ಮನೆಗಳಲ್ಲಿ ತಾಯಿಯಿಂದ ಮಗಳಿಗೂ ಬಂದುಬಿಟ್ಟಿತ್ತು. ಪ್ರತಿ ವರ್ಷ ಒಂಬತ್ತನೆಯ ತರಗತಿಯ ಮೊದಲ ಪ್ರಯೋಗಕ್ಕೆ ಅವರು ಮನೆಯಿಂದಲೇ ಈರುಳ್ಳಿ ತರುತ್ತಿದ್ದರು. ಅದರ ಎಸಳಿನ ಒಳಮೈಯಿಂದ ತೆಳ್ಳನೆಯ ಪೊರೆಯನ್ನು ಉಗುರಿನಲ್ಲಿ ಎತ್ತಿ, ಗಾಜಿನ ಪಟ್ಟಿಯ ಮೇಲೆ ಹರವಿ, ಒಂದು ಹನಿ ಅಯೋಡಿನ್ ಬಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ತಳ್ಳಿ, "ಬನ್ನಿ, ಇಟ್ಟಿಗೆ ಗೋಡೆ ನೋಡಿ" ಎನ್ನುತ್ತಿದ್ದರು. ಒಂದು ಕಣ್ಣು ಮುಚ್ಚಿ, ಬಾಯಿ ತೆರೆದು, ಮಕ್ಕಳು ನೋಡುತ್ತಿದ್ದವು. ಸಾಲು ಸಾಲು ಕೋಶಗಳು, ಒಂದೊಂದರಲ್ಲೂ ಕಂದು ಚುಕ್ಕಿಯಂಥ ಕೋಶಕೇಂದ್ರ. "ಅಯ್ಯೋ ಮಿಸ್, ನಾವು ದಿನಾ ಇದನ್ನ ಕಚಕಚ ಕೊಚ್ತೀವಲ್ಲ!" ಎಂದು ಯಾರಾದರೂ ಒಬ್ಬಳು ಕೂಗಿಯೇ ಕೂಗುತ್ತಿದ್ದಳು. ಆ ಕೂಗಿಗಾಗಿಯೇ ಮಿಸ್ ಕಾಯುತ್ತಿದ್ದರು.

ಪ್ರಯೋಗಾಲಯ ಶಾಲೆಯ ಹಿಂಬದಿಯ ಉದ್ದನೆಯ ಕೋಣೆ. ಒಂದು ಗೋಡೆಯ ಉದ್ದಕ್ಕೂ ಕಿಟಕಿಗಳು, ಕಿಟಕಿಯ ಕಟ್ಟೆಯ ಮೇಲೆ ಕುಂಡಗಳು, ಮೂಲೆಯ ಗಾಜಿನ ತೊಟ್ಟಿಯಲ್ಲಿ ಪಾಚಿ, ಬಸವನಹುಳು, ಬೆರಳುದ್ದದ ಮೀನುಗಳು. ತೊಟ್ಟಿಗೆ ಯಾರೂ ಆಹಾರ ಹಾಕುವಂತಿರಲಿಲ್ಲ. ಬೆಳಕು ಗಿಡಕ್ಕೆ, ಗಿಡ ಹುಳುವಿಗೆ, ಹುಳು ಮೀನಿಗೆ, ಸತ್ತದ್ದೆಲ್ಲ ಮತ್ತೆ ಗಿಡಕ್ಕೆ. ಒಂದು ಕೊಂಡಿ ಕಳಚಿದರೂ ನೀರು ನಾರುತ್ತದೆ ಎಂದು ಮಿಸ್ ಹೇಳಿದ್ದರು. ಶಾಲೆಯ ಇನ್ನೊಬ್ಬ ವಿಜ್ಞಾನದ ಮೇಷ್ಟ್ರಿಗೆ ಇದೆಲ್ಲ ಕಿರಿಕಿರಿ. "ಪುಸ್ತಕದಲ್ಲೇ ಚಿತ್ರ ಇದೆ, ಬಾಯಿಪಾಠ ಮಾಡಿದ್ರೆ ಅಂಕ ಬರುತ್ತೆ. ಈ ನಾರೋ ತೊಟ್ಟಿ ಯಾಕೆ?" ಎನ್ನುತ್ತಿದ್ದರು. ಮುಖ್ಯೋಪಾಧ್ಯಾಯಿನಿಗಂತೂ ಮುರಿದ ಬೆಂಚುಗಳನ್ನು ತುಂಬಿಡಲು ಒಂದು ಕೋಣೆ ಬೇಕಾಗಿತ್ತು. ಹಿಂಬದಿಯ ಆ ಕೋಣೆಯ ಮೇಲೆ ಅವರ ಕಣ್ಣು ಬಿದ್ದು ಬಹಳ ಕಾಲವಾಗಿತ್ತು. ತಾವು ಹೋದ ಮರುದಿನವೇ ಬೆಂಚುಗಳು ಒಳಗೆ ಬರುತ್ತವೆ ಎಂಬುದು ಮಿಸ್‌ಗೆ ಗೊತ್ತಿತ್ತು.

ಆದ್ದರಿಂದಲೇ ಅವರು ತಮ್ಮ ಕಣ್ಣಿನ ವಿಷಯ ಯಾರಿಗೂ ಹೇಳಲಿಲ್ಲ.

ಮೊದಲು ಅಕ್ಷರಗಳು ಬಾಗತೊಡಗಿದವು. ಕಿಟಕಿಯ ಸರಳುಗಳು ನಡುವೆ ಡೊಂಕಾದವು. ಆಮೇಲೆ, ಯಾವುದನ್ನು ನೆಟ್ಟ ದೃಷ್ಟಿಯಿಂದ ನೋಡುತ್ತಾರೋ ಅದರ ಮೇಲೆಯೇ ಯಾರೋ ಒದ್ದೆ ಹೆಬ್ಬೆರಳು ಒತ್ತಿದಂತೆ ಒಂದು ಮಸುಕು. ಸುತ್ತಲಿನದೆಲ್ಲ ಕಾಣುತ್ತಿತ್ತು: ಕಿವಿಯೋಲೆ, ಜಡೆ, ಭುಜ. ನಡುವಿನ ಮುಖ ಮಾತ್ರ ಇಲ್ಲ.

"ನಡುಭಾಗ ಹೋಗ್ತಾ ಇದೆ," ಎಂದರು ಕಣ್ಣಿನ ಡಾಕ್ಟರು. "ಅಂಚು ಉಳಿಯುತ್ತೆ, ಪೂರ್ತಿ ಕತ್ತಲೆ ಆಗಲ್ಲ. ಅದೊಂದು ಸಮಾಧಾನ."

"ಸೂಕ್ಷ್ಮದರ್ಶಕದಲ್ಲಿ ಅಂಚಿಂದ ನೋಡೋಕಾಗುತ್ತಾ ಡಾಕ್ಟ್ರೇ?"

ಡಾಕ್ಟರು ಎದ್ದು ಬಂದು ಬಾಗಿಲು ತೆರೆದು ಹಿಡಿದುಕೊಂಡರು. ಆ ಮರ್ಯಾದೆಯಲ್ಲೇ ಉತ್ತರವಿತ್ತು.

ಮನೆಯಲ್ಲಿ ಇದ್ದವರು ಅತ್ತಿಗೆ ಒಬ್ಬರೇ. ಅಣ್ಣ ತೀರಿಕೊಂಡ ಮೇಲೆ ಇಬ್ಬರು ಹೆಂಗಸರೂ ಒಂದೇ ಸೂರಿನಡಿ ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದರು. ಅತ್ತಿಗೆಗೆ ಸುದ್ದಿ ಮುಚ್ಚಿಡುವುದು ಸಾಧ್ಯವೇ ಇರಲಿಲ್ಲ. ಉಪ್ಪಿನ ಡಬ್ಬಿಗೆ ಬದಲು ಸಕ್ಕರೆ ಡಬ್ಬಿಗೆ ಕೈ ಹಾಕಿದ ದಿನವೇ ಅವರು ಹಿಡಿದುಬಿಟ್ಟಿದ್ದರು.

"ಹೇಳಿಬಿಡು ಶಾಲೇಲಿ," ಎಂದರು ಅತ್ತಿಗೆ, ಡಬ್ಬಿಗಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟುತ್ತಾ. "ಕಣ್ಣು ಕಾಣದೋಳು ಭೂತಗನ್ನಡಿ ಹಿಡ್ಕೊಂಡು ಮಕ್ಕಳಿಗೆ ಏನು ತೋರಿಸ್ತೀಯ ತಾಯಿ?"

"ನಾನು ನೋಡ್ಬೇಕಾಗಿಲ್ಲ ಅತ್ತಿಗೆ. ಮಕ್ಕಳು ನೋಡ್ಬೇಕು. ನಂಗೆಲ್ಲ ಬಾಯಿಗೆ ಬರುತ್ತೆ."

"ಬಾಯಿಗೆ ಬರೋದಕ್ಕೆ ಆ ಮೇಷ್ಟ್ರೇ ಸಾಕಲ್ಲ."

ಮಿಸ್‌ಗೆ ಅದು ಚುರ್ ಎಂದಿತು. ತಟ್ಟೆ ಬಿಟ್ಟು ಎದ್ದರು. ಅತ್ತಿಗೆ ಆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟರು.

ಹೇಗೋ ನಡೆಯುತ್ತಿತ್ತು. ಹಲಗೆಯ ಮೇಲೆ ಎಲೆಯ ಅಡ್ಡಸೀಳಿಕೆಯನ್ನು ಅವರು ಕಣ್ಣು ಮುಚ್ಚಿಯೂ ಬರೆಯಬಲ್ಲರು. ಎಲೆಯ ಕೆಳಮೈಯ ಪತ್ರರಂಧ್ರ ಎರಡು ಹುರುಳಿಕಾಳು ಎದುರುಬದುರು ಕೂತಂತೆ. ಕೊಳದ ಎಳೆಪಾಚಿಯೊಳಗೆ ಹಸಿರು ಲಾಡಿ ಸುರುಳಿ ಸುತ್ತಿರುತ್ತದೆ. ಕೆಂಪು ಶಾಯಿಯ ನೀರಿನಲ್ಲಿಟ್ಟ ಕಾಂಡವನ್ನು ಕತ್ತರಿಸಿದರೆ ನೀರು ಏರಿದ ನಾಳಗಳು ಕೆಂಪು ಚುಕ್ಕಿ. ಒಂದು ಜೀವಮಾನ ನೋಡಿದ್ದು ಕಣ್ಣಿನಲ್ಲಿ ಇಲ್ಲದಿದ್ದರೂ ಕೈಯಲ್ಲಿತ್ತು.

ಆ ವರ್ಷ ಬೇರೆ ಊರಿನಿಂದ ಒಬ್ಬ ಹುಡುಗಿ ಬಂದು ಒಂಬತ್ತನೆಯ ತರಗತಿಗೆ ಸೇರಿದಳು. ಸಣಕಲು ಮೈ, ಕೂತಲ್ಲಿ ಕೂರದ ಕಾಲು, ಮಾತು ಮಾತ್ರ ನೇರ. ಮಕ್ಕಳು ಅವಳಿಗೆ ಗುಬ್ಬಿ ಎಂದು ಹೆಸರಿಟ್ಟರು. ಈರುಳ್ಳಿ ಪೊರೆಯ ತರಗತಿಯ ದಿನ ಮಿಸ್ ಒಂದೊಂದು ಮೇಜಿಗೂ ಹೋಗಿ, ಸೂಕ್ಷ್ಮದರ್ಶಕದೊಳಗೆ ಬಗ್ಗಿ, ಕಣ್ಣುಗಾಜಿನೊಳಗಿನ ಸೂಜಿಮೊನೆಯಂಥ ತೋರುಮುಳ್ಳನ್ನು ತಿರುಗಿಸಿ, "ಈ ಮುಳ್ಳು ತೋರಿಸ್ತಿದೆಯಲ್ಲ, ಅದೇ ಕೋಶ. ನಡುವೆ ದುಂಡಗಿರೋದು ಕೋಶಕೇಂದ್ರ. ಬರ್ಕೊಳ್ಳಿ" ಎನ್ನುತ್ತಿದ್ದರು. ಗುಬ್ಬಿಯ ಮೇಜಿನಲ್ಲೂ ಅದನ್ನೇ ಅಂದರು. ಗುಬ್ಬಿ ಬಗ್ಗಿ ನೋಡಿದಳು. ಮತ್ತೆ ನೋಡಿದಳು.

"ಮಿಸ್, ಇದು ಗಾಳಿಗುಳ್ಳೆ ಅಲ್ವಾ? ದಪ್ಪ ಕಪ್ಪು ಅಂಚು ಇದೆ, ಒಳಗೆ ಏನೂ ಇಲ್ಲ. ಖಾಲಿ."

ಗಾಳಿಗುಳ್ಳೆಯನ್ನು ಕೋಶ ಎನ್ನುವುದು ಮೊದಲ ದಿನ ಸೂಕ್ಷ್ಮದರ್ಶಕ ಮುಟ್ಟಿದ ಮಗು ಮಾಡುವ ತಪ್ಪು. ಗಾಜು ಮುಚ್ಚುವಾಗ ಓರೆಯಾಗಿ ಇಳಿಸದಿದ್ದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಆ ಗುಳ್ಳೆಯನ್ನು ಕೋಶ ಎಂದು ಬರೆದು ತಂದವರನ್ನು ಮಿಸ್ ಎಷ್ಟು ವರ್ಷ ರೇಗಿಸಿ ನಗಿಸಿರಲಿಲ್ಲ! ಈಗ ಅದೇ ತಪ್ಪು ಅವರದೇ ಬಾಯಿಂದ ಬಂದಿತ್ತು. ಮತ್ತೆ ಬಗ್ಗಿ ನೋಡಿದರು. ಮಸುಕು. ಕಣ್ಣನ್ನು ಓರೆ ಮಾಡಿದರು. ಮಸುಕಿನ ಅಂಚಿನಲ್ಲಿ ಏನೋ ಹೊಳೆದು ಜಾರಿಹೋಯಿತು.

"ಸರಿಯಾಗಿ ನೋಡು," ಎಂದರು. ತಮ್ಮ ದನಿ ಅಷ್ಟು ಒರಟಾಗಿದ್ದನ್ನು ಅವರೇ ಹಿಂದೆ ಕೇಳಿರಲಿಲ್ಲ. "ಹೊಸಬಳು ನೀನು. ನೋಡೋದು ಕಲೀಬೇಕು ಮೊದಲು. ಮಾತಾಡೋದು ಆಮೇಲೆ."

ಗುಬ್ಬಿ ಮೂರನೆಯ ಸಲ ಬಗ್ಗಿದಳು. ಅಷ್ಟರಲ್ಲಿ ಪಕ್ಕದಲ್ಲಿದ್ದ ಲೀಡರ್, ಅಂದರೆ ತರಗತಿಯ ನಾಯಕಿ, ಎತ್ತರದ ಗಂಭೀರ ಹುಡುಗಿ, ಮೇಜಿನ ಕೆಳಗೆ ಅವಳ ಕಾಲು ಮೆಟ್ಟಿದಳು. ಮಿಸ್‌ಗೆ ಅದು ಕಣ್ಣಂಚಿನಲ್ಲಿ ಚೆನ್ನಾಗಿಯೇ ಕಾಣಿಸಿತು.

"ಕೋಶನೇ ಮಿಸ್," ಎಂದಳು ಗುಬ್ಬಿ, ಸಣ್ಣ ದನಿಯಲ್ಲಿ. "ನಂಗೆ ಸರಿಯಾಗಿ ಕಾಣ್ಲಿಲ್ಲ."

ಅಂದಿನಿಂದ ಪ್ರಯೋಗಾಲಯದಲ್ಲಿ ಒಂದು ಹೊಸ ರೂಢಿ ಹುಟ್ಟಿತು. ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಮಕ್ಕಳು ತಾವು ಕಂಡದ್ದನ್ನು ಗಟ್ಟಿಯಾಗಿ ಹೇಳತೊಡಗಿದವು. "ನೀರು ಕುದೀತಿದೆ ನೋಡ್ರೇ." "ಆಹಾ, ನಮ್ಮ ಎಲೆ ಮೆತ್ತಗಾಯ್ತು." "ಬಾಟಲಿ ಇಲ್ಲೇ ಇದೆ, ಬಲಗಡೆ." ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವಂತೆ, ಆದರೆ ಮಿಸ್‌ಗೆ ಕೇಳುವಂತೆ. ದಾರಿಯಲ್ಲಿ ಸ್ಟೂಲು ಅಡ್ಡವಿದ್ದರೆ ಒಬ್ಬಳು ಕಾಲಿನಿಂದ ಸರಿಸುತ್ತಿದ್ದಳು. ಸೀಮೆಸುಣ್ಣ ಹುಡುಕುವ ಮೊದಲೇ ಅಂಗೈಗೆ ಬರುತ್ತಿತ್ತು. "ಎಲ್ಲರಿಗೂ ಕಾಣ್ತಿದೆಯಾ?" ಎಂದರೆ "ಕಾಣ್ತಿದೆ ಮಿಸ್." "ಕೋಶಭಿತ್ತಿ ಸಿಕ್ತಾ?" "ಸಿಕ್ತು ಮಿಸ್." ಇಡೀ ತರಗತಿ ಒಂದೇ ದನಿಯಲ್ಲಿ. ಒಂದು ಸಲವೂ ಇಲ್ಲ ಎನ್ನುವ ಉತ್ತರ ಬರಲಿಲ್ಲ. ಎಲ್ಲರಿಗಿಂತ ಚುರುಕಾಗಿ ಸ್ಟೂಲು ಸರಿಸುತ್ತಿದ್ದವಳು, ಎಲ್ಲರಿಗಿಂತ ಗಟ್ಟಿಯಾಗಿ "ಹೌದು ಮಿಸ್" ಎನ್ನುತ್ತಿದ್ದವಳು ಗುಬ್ಬಿ.

ಈ ವರ್ಷದ ಮಕ್ಕಳು ಎಷ್ಟು ಅಚ್ಚುಕಟ್ಟು ಎಂದು ಮಿಸ್ ಸಂತೋಷಪಟ್ಟರು. ಸಂತೋಷದ ಅಡಿಯಲ್ಲಿ ಇನ್ನೊಂದು ಸಂಗತಿ ತಿಳಿದೂ ತಿಳಿಯದಂತೆ ಇತ್ತು. ಅದನ್ನು ಅವರು ಕೆದಕಲು ಹೋಗಲಿಲ್ಲ.

ಆಮೇಲೆ ಎಲೆಯ ಪಿಷ್ಟದ ಪ್ರಯೋಗ ಬಂತು. ಗಿಡ ಬೆಳಕಿನಲ್ಲಿ ತನ್ನ ಆಹಾರ ತಾನೇ ಮಾಡಿಕೊಂಡು ಎಲೆಯಲ್ಲಿ ಪಿಷ್ಟವಾಗಿ ಕೂಡಿಡುತ್ತದೆ ಎಂದು ತೋರಿಸುವುದು. ಹಸಿರಿನ ನಡುವೆ ಬಿಳಿ ಪಟ್ಟೆಯಿರುವ ಎಲೆಯ ಗಿಡವೊಂದನ್ನು ಕಪಾಟಿನ ಕತ್ತಲಲ್ಲಿಟ್ಟು, ಇದ್ದ ಪಿಷ್ಟವೆಲ್ಲ ಕರಗಿದ ಮೇಲೆ ಬಿಸಿಲಿಗೆ ತೆಗೆದಿಟ್ಟಿದ್ದರು. ಆ ಎಲೆಯನ್ನು ಮೊದಲು ನೀರಿನಲ್ಲಿ ಕುದಿಸಬೇಕು. ಆಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿ ಬಿಸಿನೀರಿನೊಳಗೆ ಇಡಬೇಕು. ಹಸಿರೆಲ್ಲ ಇಳಿದು ಎಲೆ ಬಿಳಿಚಿಕೊಳ್ಳುತ್ತದೆ. ಕೊನೆಗೆ ಅಯೋಡಿನ್. ಹಸಿರು ಇದ್ದಲ್ಲಿ ಎಲೆ ಕಡುನೀಲಿಯಾಗುತ್ತದೆ, ಬಿಳಿ ಪಟ್ಟೆ ಇದ್ದಲ್ಲಿ ಆಗುವುದಿಲ್ಲ.

ಸ್ಪಿರಿಟ್ಟು ಬೆಂಕಿಯನ್ನು ದೂರದಿಂದಲೇ ಎಳೆದುಕೊಳ್ಳುತ್ತದೆ. ಅದಕ್ಕೆ ಮಿಸ್ ಒಂದು ಕಟ್ಟು ಮಾಡಿದ್ದರು: ನೀರು ಕುದಿದ ಮೇಲೆ ಎಲ್ಲ ಮೇಜುಗಳ ಸ್ಪಿರಿಟ್ ದೀಪ ಆರಬೇಕು, ಅವರು ಒಂದೊಂದು ದೀಪವನ್ನೂ ಬಗ್ಗಿ ನೋಡಬೇಕು, ಅದಾದ ಮೇಲೆಯೇ ಸ್ಪಿರಿಟ್ಟಿನ ಬಾಟಲಿ ಕಪಾಟಿನಿಂದ ಹೊರಗೆ. ಬಾಟಲಿಯನ್ನು ಅವರಲ್ಲದೆ ಬೇರೆ ಯಾರೂ ಮುಟ್ಟುವಂತಿಲ್ಲ. ಈ ಕಟ್ಟು ಎಂದೂ ಮುರಿದಿರಲಿಲ್ಲ.

ಅಂದು ಬಿಸಿಲು ಜೋರಾಗಿತ್ತು. ಕಿಟಕಿಯ ಪಕ್ಕದ ಮೇಜುಗಳು ಬೆಳ್ಳಗೆ ಉರಿಯುತ್ತಿದ್ದವು.

"ಎಲ್ಲಾ ದೀಪ ಆರಿದೆಯಾ?" ಎಂದರು ಮಿಸ್.

"ಆರಿದೆ ಮಿಸ್!" ಎಂದಿತು ತರಗತಿ.

ಅವರು ಮೇಜಿನಿಂದ ಮೇಜಿಗೆ ಹೋಗಿ ಬಗ್ಗಿ ನೋಡಿದರು. ಎಲ್ಲೂ ಜ್ವಾಲೆ ಕಾಣಲಿಲ್ಲ. ಸ್ಪಿರಿಟ್ ದೀಪದ ಜ್ವಾಲೆ ಬಿಸಿಲಲ್ಲಿ ಒಳ್ಳೆಯ ಕಣ್ಣಿಗೂ ಕಷ್ಟ; ಬತ್ತಿಯ ಮೇಲೆ ಗಾಳಿ ಸ್ವಲ್ಪ ನಡುಗಿದಂತೆ ಕಾಣುತ್ತದೆ, ಅಷ್ಟೇ. ಕಿಟಕಿ ಪಕ್ಕದ ಒಂದು ಮೇಜಿನಲ್ಲಿ ನೀರು ಇನ್ನೂ ಕುದಿದಿರಲಿಲ್ಲವೆಂದು ಮಕ್ಕಳು ದೀಪ ಹಾಗೇ ಬಿಟ್ಟಿದ್ದರು. ಮಿಸ್ ಕೇಳಿದಾಗ, ಎಲ್ಲರೂ ಅಂದರೆಂದು ಅವರೂ ಅಂದಿದ್ದರು. ಹೌದು ಎನ್ನುವುದು ಅಷ್ಟು ಅಭ್ಯಾಸವಾಗಿಹೋಗಿತ್ತು.

ಅದು ಗುಬ್ಬಿಯ ಮೇಜು. ಗುಬ್ಬಿ ಪ್ರನಾಳ ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದಳು. ವಾಪಸು ಬರುವಾಗ ಮಿಸ್ ಅದೇ ಮೇಜಿನ ಬಳಿ ಬಾಟಲಿಯ ಬಿರಡೆ ತೆಗೆದು ಬಗ್ಗಿಸುತ್ತಿದ್ದರು. ಬತ್ತಿಯ ಮೇಲಿನ ಗಾಳಿ ನಡುಗುತ್ತಿದ್ದುದು ಅವಳಿಗೆ ಕಂಡಿತು.

ಒಂದು ಕೂಗು ಸಾಕಾಗಿತ್ತು. ಅವಳು ಕೂಗಲಿಲ್ಲ. ಎಲ್ಲರ ಮುಂದೆ ಮಿಸ್‌ಗೆ ತಪ್ಪು ತೋರಿಸಬಾರದೆಂದು ಅವಳಿಗೆ ಆ ಕೋಣೆ ಕಲಿಸಿತ್ತು. ಸ್ಟೂಲು ಸರಿಸುವಷ್ಟೇ ಮೆಲ್ಲಗೆ, ಮಿಸ್‌ಗೆ ಗೊತ್ತಾಗದ ಹಾಗೆ, ದೀಪವನ್ನು ಆಚೆ ಸರಿಸಲು ಅವಳು ಕೈ ಚಾಚಿದಳು.

ಭುಗ್ ಎಂಬ ಸದ್ದನ್ನು ಮಿಸ್ ಮೊದಲು ಕೇಳಿದರು. ಆಮೇಲೆ ಮುಖಕ್ಕೆ ರಪ್ಪನೆ ಬಿಸಿ ಬಡಿಯಿತು. ಆಮೇಲೆ ಕಿರುಚಾಟ. ಲೀಡರ್ ಹುಡುಗಿ ಮರಳಿನ ಬಕೆಟ್ಟು ಎತ್ತಿ ಸುರಿದಳು, ಯಾರೋ ಒದ್ದೆ ಬಟ್ಟೆ ತಂದರು. ಯಾರ ಕೈ, ಯಾರ ಕೈ ಎಂದು ಮಿಸ್ ಕೇಳುತ್ತಲೇ ಇದ್ದರು. ಬಟ್ಟೆ ಸುತ್ತಿದ ಆ ಪುಟ್ಟ ತೋಳನ್ನು ಹಿಡಿದುಕೊಂಡಾಗಲೂ, ಅದರ ಮೇಲಿದ್ದ ಮುಖದ ಜಾಗದಲ್ಲಿ ಮಸುಕು ಮಾತ್ರ ಇತ್ತು.

"ನಾನು ಮಿಸ್," ಎಂದಿತು ದನಿ, ಹಲ್ಲು ಕಟಕಟಿಸುತ್ತಾ. "ಗುಬ್ಬಿ."

ಆಸ್ಪತ್ರೆಗೆ ಸಾಗಿಸಿಯಾದ ಮೇಲೆ ಮುಖ್ಯೋಪಾಧ್ಯಾಯಿನಿ ಎಲ್ಲರನ್ನೂ ತಮ್ಮ ಕೋಣೆಗೆ ಕರೆಸಿದರು. ಲೀಡರ್ ಹುಡುಗಿ ಮುಂದೆ ಬಂದು ಕೈಕಟ್ಟಿ ನಿಂತಳು. ಅವಳ ಸಮವಸ್ತ್ರಕ್ಕೆ ಸುಟ್ಟ ವಾಸನೆ ಅಂಟಿತ್ತು.

"ಮಿಸ್ ಎಲ್ಲಾ ದೀಪ ಆರಿಸಿ ಅಂದ್ರು ಮೇಡಂ. ಕೇಳಿದ್ರು ಕೂಡ. ನಾವೇ ಆರಿದೆ ಅಂದ್ವಿ. ಗುಬ್ಬಿ ಮಧ್ಯೆ ಕೈ ಹಾಕಿದ್ಲು."

"ಮಿಸ್‌ದು ಏನೂ ತಪ್ಪಿಲ್ಲ ಮೇಡಂ," ಎಂದರು ಹಿಂದಿನಿಂದ ನಾಲ್ಕಾರು ಜನ. "ಗುಬ್ಬಿನೂ ಅದೇ ಹೇಳಿದ್ಲು."

ಸುಳ್ಳು ಎನ್ನುವಂಥದ್ದು ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಮುಖ್ಯೋಪಾಧ್ಯಾಯಿನಿ ನಿರಾಳವಾಗಿ ಉಸಿರುಬಿಟ್ಟದ್ದು ಮಿಸ್‌ಗೆ ಕೇಳಿಸಿತು. "ಮಕ್ಕಳೇ ಹೇಳ್ತಿದಾರಲ್ಲ, ಇನ್ನೇನು," ಎಂದು ಅವರು ಒಂದು ಲೋಟ ನೀರನ್ನು ಮಿಸ್ ಕೈಗೆ ಕೊಟ್ಟರು. "ನೀವು ಮನೆಗೆ ಹೋಗಿ. ಮುಖ ಎಲ್ಲಾ ಕೆಂಪಾಗಿದೆ. ಇದೊಂದು ಅಪಘಾತ. ತಲೆ ಮೇಲೆ ಹೊತ್ಕೋಬೇಡಿ."

ಮಿಸ್ ನೀರು ಕುಡಿದರು. ಬಾಯಿ ತೆರೆದರು. ತೆರೆದ ಬಾಯಿಗೆ ಮತ್ತೆ ಲೋಟವನ್ನೇ ಒತ್ತಿಕೊಂಡರು.

ಮನೆಯಲ್ಲಿ ಅತ್ತಿಗೆ ಮುಖಕ್ಕೆ ಮುಲಾಮು ಹಚ್ಚಿದರು. ಅತ್ತಿಗೆ ಬೈಯದೆ ಇದ್ದದ್ದು ಅವರಿಬ್ಬರ ಇಷ್ಟು ವರ್ಷದ ಸಂಸಾರದಲ್ಲಿ ಅದೇ ಮೊದಲು. ಮಿಸ್‌ಗೆ ಬೈಗುಳವೇ ಬೇಕಾಗಿತ್ತು.

ಮರುದಿನ ಅವರು ಆಸ್ಪತ್ರೆಗೆ ಹೋದರು. ಸುಟ್ಟಗಾಯದ ವಾರ್ಡು ಮಹಡಿಯ ಮೇಲೆ. ಮೆಟ್ಟಿಲ ಅಂಚನ್ನು ಕಾಲಿನಿಂದ ಸವರುತ್ತಾ ಹತ್ತಿದರು. ಔಷಧದ ವಾಸನೆಯ ಆ ಓಣಿಯಲ್ಲಿ ಮಿಸ್ ಹುಡುಗಿಯ ಹೆಸರು ಹೇಳಿ ವಿಚಾರಿಸಿದ್ದು ಕಿವಿಗೆ ಬಿದ್ದು ಒಬ್ಬ ಹೆಂಗಸು ಎದುರು ಬಂದಳು. ಬಟ್ಟೆ ಹೊಲಿಯುವ ಕಾರ್ಖಾನೆಯಿಂದ ನೇರವಾಗಿ ಬಂದಿದ್ದಳೇನೋ, ತೋಳಿಗೆಲ್ಲ ದಾರದ ಎಳೆಗಳು ಅಂಟಿದ್ದವು. ಅದು ಗುಬ್ಬಿಯ ತಾಯಿ.

"ಮಿಸ್ ಅಲ್ವಾ? ನಿಮ್ಮನ್ನ ನೋಡೋಕೆ ನಾನೇ ಬರ್ಬೇಕು ಅಂತಿದ್ದೆ," ಎಂದಳು ಅವಳು, ಒಂದೇ ಉಸಿರಿಗೆ. "ನಿಮ್ಗೂ ಮುಖಕ್ಕೆ ತಗುಲಿದೆಯಲ್ಲ! ಕ್ಷಮಿಸ್ಬೇಕು ಮಿಸ್. ನನ್ನ ಮಗಳು ಚಿಕ್ಕಂದಿನಿಂದ್ಲೂ ಹಾಗೇನೇ, ಕೈ ಸುಮ್ನೆ ಇರಲ್ಲ. ಎಲ್ಲದಕ್ಕೂ ಕೈ ಹಾಕೋದು. ಶಾಲೆಯಿಂದ ತೆಗೆದುಹಾಕ್ಬೇಡಿ ಅಂತ ದೊಡ್ಡ ಮೇಡಂ ಹತ್ರ ನೀವೊಂದು ಮಾತು ಹೇಳಿ. ನಿಮ್ಮ ಕ್ಲಾಸು ಅಂದ್ರೆ ಅವಳಿಗೆ ಪ್ರಾಣ."

"ಕೈ ಹೇಗಿದೆ?" ಎಂದರು ಮಿಸ್.

"ಎರಡು ಬೆರಳು ಮಡಚಿಕೊಂಡೇ ಇರಬಹುದು ಅಂದ್ರು ಡಾಕ್ಟ್ರು. ಬಲಗೈದು." ತಾಯಿಯ ದನಿ ಇಳಿಯಿತು. "ನಿನ್ನೆ ನಾನು ಬೈದ್ಬಿಟ್ಟೆ ಮಿಸ್. ಆ ನೋವಲ್ಲಿ ಅಳ್ತಿದ್ದೋಳಿಗೆ, ನಿಂಗೆ ಯಾಕೆ ಬೇಕಿತ್ತೇ ಅಂತ ಬಾಯಿಗೆ ಬಂದ ಹಾಗೆ ಬೈದೆ. ಅವಳು ತಪ್ಪಾಯ್ತು ಅಂದ್ಲು."

ಪರವಾಗಿಲ್ಲ, ಬಿಡಿ ಎಂದರೆ ಮುಗಿಯುತ್ತಿತ್ತು. ಆ ಮಾತು ಮಿಸ್ ಅವರ ನಾಲಿಗೆಯ ತುದಿಯವರೆಗೂ ಬಂತು. ಅದರ ಹಿಂದೆಯೇ ಕಿಟಕಿಯ ಕುಂಡಗಳು, ತೊಟ್ಟಿ, ಮುಂದಿನ ವರ್ಷದ ಈರುಳ್ಳಿ, ಎಲ್ಲವೂ ಸಾಲಾಗಿ ನಿಂತು ಕಾಯುತ್ತಿದ್ದವು.

"ಅವಳದ್ದು ತಪ್ಪಲ್ಲಮ್ಮ," ಎಂದರು ಅವರು. "ನಂಗೆ ಕಣ್ಣು ಕಾಣಲ್ಲ."

"ಏನು?"

"ಕಣ್ಣು ಕಾಣಲ್ಲ. ನಡುಭಾಗ ಹೋಗಿದೆ. ಡಾಕ್ಟ್ರು ಹೇಳಿ ಬಹಳ ದಿನ ಆಯ್ತು. ಶಾಲೇಲಿ ನಾನು ಹೇಳ್ಲಿಲ್ಲ. ದೀಪ ಉರೀತಾ ಇತ್ತು, ನಂಗೆ ಕಾಣ್ಲಿಲ್ಲ. ನಿಮ್ಮ ಮಗಳಿಗೆ ಕಾಣ್ತು. ವರ್ಷದ ಮೊದ್ಲಲ್ಲಿ ಒಂದ್ಸಲ ಅವಳು ನನ್ನ ತಪ್ಪು ತೋರಿಸಿದ್ಲು. ಅವಳು ಹೇಳಿದ್ದು ಸರಿ ಇತ್ತು. ನಾನು ಬಾಯಿ ಮುಚ್ಚಿಸ್ದೆ. ಅದಕ್ಕೇ ಈ ಸಲ ಕೂಗದೆ ಕೈ ಹಾಕಿದ್ಲು."

ಮಿಸ್ ಮುಖದ ಮುಂದೆ ಏನೋ ಗಾಳಿಯಾಡಿತು.

"ಇದು ಕಾಣುತ್ತಾ?"

"ನಿಮ್ಮ ಕೈ. ಅಂಚು ಕಾಣುತ್ತೆ."

"ನನ್ನ ಮುಖ?"

"ಇಲ್ಲ."

"ಹಾಗಾದ್ರೆ ನಾನು ನಿಮ್ಮನ್ನ ಹೇಗೆ ನೋಡ್ತಿದೀನಿ ಅಂತ ನಿಮ್ಗೆ ಗೊತ್ತಾಗಲ್ಲ," ಎಂದಳು ಆ ತಾಯಿ. ದನಿಯಲ್ಲಿ ಏರಿಳಿತವೇ ಇರಲಿಲ್ಲ. ಅವಳು ತಿರುಗಿ ವಾರ್ಡಿನ ಬಾಗಿಲು ತಳ್ಳಿದಳು. ಬಾಗಿಲ ಹತ್ತಿರದ ಮಂಚವೇ ಗುಬ್ಬಿಯದು.

"ಏ, ನಿಂಗೆ ಗೊತ್ತಿತ್ತೇನೇ? ಇವ್ರಿಗೆ ಕಣ್ಣು ಕಾಣಲ್ಲ ಅಂತ?"

ಒಳಗಿನಿಂದ ನಿದ್ದೆಗಣ್ಣಿನ ದನಿ ಬಂತು. "ಎಲ್ರಿಗೂ ಗೊತ್ತಮ್ಮ. ನಮಗೆ ಗೊತ್ತು ಅನ್ನೋದು ಮಿಸ್‌ಗೆ ಗೊತ್ತಿಲ್ಲ. ಹೇಳ್ಬೇಡ, ಬೇಜಾರು ಮಾಡ್ಕೋತಾರೆ."

ತಾಯಿ ಬಾಗಿಲು ಎಳೆದುಕೊಂಡಳು. ಮಿಸ್ ಅವರನ್ನು ಒಳಗೆ ಕರೆಯಲಿಲ್ಲ.

ಮಿಸ್ ಅಲ್ಲಿಂದ ನೇರವಾಗಿ ಶಾಲೆಗೆ ಹೋಗಿ ಹೇಳಬೇಕಾದ್ದನ್ನು ಹೇಳಿದರು. ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾಕೆ ಹೇಳೋಕೆ ಹೋದ್ರಿ? ಮಕ್ಕಳು ಅಷ್ಟು ಚೆನ್ನಾಗಿ ನಿಭಾಯಿಸಿದ್ರು. ಈಗ ನಾನೇನು ಮಾಡ್ಲಿ, ನೀವೇ ಹೇಳಿ."

"ಬೀಗದ ಕೈ ತಗೊಳ್ಳಿ," ಎಂದರು ಮಿಸ್.

ಅವರು ಅಂದುಕೊಂಡದ್ದಕ್ಕಿಂತ ಬೇಗ ಎಲ್ಲ ಆಗಿಹೋಯಿತು. ಕುಂಡಗಳು ಅಂಗಳಕ್ಕೆ ಬಂದವು, ಸೂಕ್ಷ್ಮದರ್ಶಕಗಳು ಡಬ್ಬದೊಳಗೆ ಹೋದವು, ಬೆಂಚುಗಳು ಒಳಗೆ ಬಂದವು. ತೊಟ್ಟಿಯನ್ನು ಲೀಡರ್ ಹುಡುಗಿ ಮನೆಗೆ ಒಯ್ಯುವೆನೆಂದು ಹಟ ಹಿಡಿದಳು. ಅವಳ ಮನೆಯಲ್ಲಿ ಒಪ್ಪಲಿಲ್ಲ. ಮೀನುಗಳನ್ನು ಯಾರೋ ಚರಂಡಿಯ ಆಚೆಯ ಹೊಂಡಕ್ಕೆ ಬಿಟ್ಟರಂತೆ. ಆ ನೀರಿನಲ್ಲಿ ಅವು ಬದುಕಲಾರವೆಂದು ಮಿಸ್‌ಗೆ ಗೊತ್ತಿತ್ತು. ಯಾಕೆಂದು ಕೇಳಿದ್ದರೆ ಒಂದು ಇಡೀ ಪಾಠವನ್ನೇ ಮಾಡುತ್ತಿದ್ದರು. ಯಾರೂ ಕೇಳಲಿಲ್ಲ. ಒಂಬತ್ತನೆಯ ತರಗತಿ ಈಗ ಮೇಷ್ಟ್ರ ಜೊತೆ ಪುಸ್ತಕ ಓದುತ್ತಿತ್ತು. ಮಕ್ಕಳಿಗೆ ಮಿಸ್ ಮೇಲೆ ಸಿಟ್ಟಿತ್ತು ಎಂದು ಆಮೇಲೆ ಕಿವಿಗೆ ಬಿತ್ತು. ತಾವು ಅಷ್ಟು ಕಾಪಾಡಿಕೊಂಡು ಬಂದದ್ದನ್ನು ಅವರೇ ಹೋಗಿ ಬಿಚ್ಚಿ ಹೇಳಿದರಲ್ಲ ಎಂದು.

ಬೇರೆ ಕೆಲಸವಿಲ್ಲದ್ದರಿಂದ ಮಿಸ್ ಆಸ್ಪತ್ರೆಗೆ ಹೋಗುತ್ತಿದ್ದರು. ಅತ್ತಿಗೆ ಬಾಗಿಲವರೆಗೂ ಕೈ ಹಿಡಿದು ಕರೆತಂದು, "ನಾನು ಕೆಳಗಿರ್ತೀನಿ, ನಿನ್ನ ಪಾಡು ನೀನು ನೋಡ್ಕೋ" ಎಂದು ಹೋಗುವರು. ವಾರ್ಡಿನ ಒಳಗೆ ಹೋಗಲು ತಾಯಿ ಬಿಡಲಿಲ್ಲ. ಹೊರಗೆ ಓಣಿಯಲ್ಲೊಂದು ಮರದ ಬೆಂಚಿತ್ತು. ಮಿಸ್ ಅದರ ಒಂದು ತುದಿಯಲ್ಲಿ ಕೂರುತ್ತಿದ್ದರು.

ಪಟ್ಟಿ ಬಿಚ್ಚುವ ದಿನಗಳು ಕೆಟ್ಟವು. ಸುಟ್ಟ ಚರ್ಮದ ಮೇಲೆ ಹೊಸ ಕೋಶಗಳು ಅಂಚಿನಿಂದ ಒಳಮುಖವಾಗಿ ತೆವಳಿಕೊಂಡು ಬರುತ್ತವೆ, ಒಂದು ಒಡೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ ಎಂದು ಅವರು ಎಷ್ಟೋ ಸಲ ಹಲಗೆಯ ಮೇಲೆ ಬರೆದಿದ್ದರು. ಅದು ಎಷ್ಟು ನಿಧಾನ ಎಂಬುದನ್ನು ಮಾತ್ರ ಎಂದೂ ಹೇಳಿರಲಿಲ್ಲ. ಪ್ರತಿ ಸಲ ಪಟ್ಟಿ ಎಳೆದಾಗಲೂ ಆ ಎಳೆಯ ಅಂಚು ಹರಿದು ಬರುತ್ತಿತ್ತು. ಒಳಗೆ ಗುಬ್ಬಿ ಅಮ್ಮಾ ಅಮ್ಮಾ ಎಂದು ಕೂಗುತ್ತಿದ್ದಳು. ಪಟ್ಟಿ ಬದಲಿಸುವಾಗ ತಾಯಿಗೂ ಒಳಗೆ ಇರಲು ಅನುಮತಿ ಇರಲಿಲ್ಲ. ಅವಳು ಹೊರಗೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಇಬ್ಬರ ನಡುವೆ ಇನ್ನೂ ಇಬ್ಬರು ಕೂರುವಷ್ಟು ಜಾಗ.

ಒಂದು ದಿನ ಕೂಗು ಎಂದಿಗಿಂತ ಉದ್ದವಾಯಿತು. ನಿಂತಿತು ಎನ್ನುವಷ್ಟರಲ್ಲಿ ಮತ್ತೆ ಶುರುವಾಯಿತು. ಹೊಸ ನರ್ಸೊಬ್ಬಳು ತಟ್ಟೆ ಹಿಡಿದು ಹೊರಗೆ ಬಂದವಳು, ಅಳುತ್ತಿದ್ದ ಮಿಸ್ ಅವರನ್ನು ಕಂಡು ನಿಂತಳು.

"ಇಲ್ಲಿ ತುಂಬಾ ಜನ ಕೂರೋ ಹಾಗಿಲ್ಲ," ಎಂದಳು ತಾಯಿಯ ಕಡೆ ತಿರುಗಿ. "ಇವ್ರು ನಿಮ್ಮ ಕಡೆಯವರಾ?"

"ಅಲ್ಲ," ಎಂದಳು ತಾಯಿ.

ಮಿಸ್ ಎದ್ದು ನಿಲ್ಲಲು ಬೆಂಚಿನ ಅಂಚನ್ನು ತಡಕಿದರು. ಒಳಗೆ ಮತ್ತೆ ಆ ಕೂಗು.

"ಕೂತಿರ್ಲಿ ಬಿಡಿ," ಎಂದಳು ತಾಯಿ, ಯಾರ ಕಡೆಗೂ ನೋಡದೆ. "ಕೇಳಿಸ್ಕೊಳ್ಲಿ."